ಮೂವತ್ತು ದಾಟಿದ ಮೇಲೆ ಗೆಳೆಯರು ಸಿಗಲ್ವಾ?

ಪ್ರಶ್ನೆ: ನನಗೆ 34 ವರ್ಷ. ಊರು ಹಾಸನದ ಹತ್ತಿರ, ಕೆಲಸ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ. ಫೋನಿನಲ್ಲಿ ನೂರಾರು ನಂಬರ್ ಇವೆ. ಆದರೆ ಹೋದ ತಿಂಗಳು ಮಧ್ಯರಾತ್ರಿ ಅಪ್ಪನನ್ನು ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಾಗ, ಯಾರನ್ನು ಜೊತೆಗೆ ಕರೆಯಬೇಕು ಅಂತಲೇ ಹೊಳೆಯಲಿಲ್ಲ. ಕಾಲೇಜಿನವರ ವಾಟ್ಸ್ಯಾಪ್ ಗುಂಪಿನಲ್ಲಿ ಗುಡ್ ಮಾರ್ನಿಂಗು, ಹ್ಯಾಪಿ ಬರ್ತ್‌ಡೇ ಅಷ್ಟೇ. ಈ ವಯಸ್ಸಿನಲ್ಲಿ ಹೊಸ ಗೆಳೆಯರು ಸಿಗಲ್ವಾ? ತಪ್ಪು ನನ್ನದೇನಾ?
– ಹಾಸನದವನು, ಬೆಂಗಳೂರು

ಉತ್ತರ: ನಿಮ್ಮ ತಪ್ಪೇನೂ ಇಲ್ಲ. ನಿಮಗೆ ಸಾಲದೆ ಬಂದಿರುವುದು ವೇಳೆ.

ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಪ್ರೊಫೆಸರ್ 2018ರಲ್ಲಿ ಇದನ್ನೇ ಲೆಕ್ಕ ಹಾಕಿ ನೋಡಿದರು. ಹೊಸ ಊರಿಗೆ ಬಂದವರನ್ನು, ಹೊಸದಾಗಿ ಕಾಲೇಜು ಸೇರಿದವರನ್ನು ಕೇಳಿದರು. ಬರೀ ಮುಖಪರಿಚಯ ಸ್ನೇಹದ ಕಡೆ ತಿರುಗೋಕೆ ಸುಮಾರು 50 ಗಂಟೆ ಒಟ್ಟಿಗೆ ಕಳೆಯಬೇಕು, ಆಪ್ತರಾಗೋಕೆ 200 ಗಂಟೆ ದಾಟಬೇಕು ಅಂತ ಗೊತ್ತಾಯಿತು. ಇನ್ನೊಂದು ಮಾತೂ ಇದೆ, ನಿಮಗೆ ಅದೇ ಮುಖ್ಯ: ಕೆಲಸದ ಜಾಗದಲ್ಲಿ ಅಕ್ಕಪಕ್ಕ ಕೂತು ಕಳೆದ ಗಂಟೆಗಳಿಂದ ಆಪ್ತತೆ ಅಷ್ಟಾಗಿ ಬೆಳೆದಿರಲಿಲ್ಲ. ಕೆಲಸ ಬಿಟ್ಟು ಸುಮ್ನೆ ಜೊತೆಗಿದ್ದದ್ದೇ ಕೈ ಹಿಡಿದಿತ್ತು.

ಈಗ ನಿಮ್ಮ ಹಾಸ್ಟೆಲ್ ದಿನ ನೆನಪು ಮಾಡಿಕೊಳ್ಳಿ. ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತದ್ದು, ಟೀ ಅಂಗಡಿ ಮುಂದೆ ಒಂದೇ ಲೋಟ ಹಿಡಿದು ಒಂದು ಗಂಟೆ ಹರಟಿದ್ದು, ಪರೀಕ್ಷೆಯ ಹಿಂದಿನ ರಾತ್ರಿ ಒಬ್ಬನ ನೋಟ್ಸ್ ಐದು ಜನ ಓದಿದ್ದು. ಅಲ್ಲಿ 200 ಗಂಟೆ ಒಂದು ತಿಂಗಳಲ್ಲೇ ಮುಗಿದುಹೋಗುತ್ತಿತ್ತು. ಈಗ ವಾರಕ್ಕೆ ಒಂದು ಗಂಟೆ ಸಿಗುತ್ತೆ ಅಂದರೂ ಹೆಚ್ಚುಕಡಿಮೆ ನಾಲ್ಕು ವರ್ಷ ಬೇಕು. ಹಾಗಾಗಿ 'ನನಗೆ ಯಾರೂ ಹಿಡಿಸ್ತಿಲ್ಲ' ಅಂತ ಎರಡೇ ಭೇಟಿಯಲ್ಲಿ ತೀರ್ಮಾನ ಮಾಡಬೇಡಿ.

ವಾರಕ್ಕೊಮ್ಮೆಯಾದರೂ ಅದೇ ಜಾಗ, ಅದೇ ಜನ, ಕೈಯಲ್ಲೊಂದು ಕೆಲಸ ಇರುವಂಥದ್ದನ್ನು ಹುಡುಕಿ. ಶಟಲ್ ಆಡುವುದಿರಲಿ, ಏರಿಯಾದ ಕೆರೆ ಉಳಿಸುವ ಗುಂಪಿರಲಿ, ನಾಟಕದ ತಂಡವಿರಲಿ. ಆಟ ಮುಗಿದ ತಕ್ಷಣ ಬೈಕ್ ಹತ್ತಬೇಡಿ. ಬೆವರು ಒರೆಸಿಕೊಂಡು, 'ನಡೀರಿ, ಒಂದು ಕಾಫಿ ಕುಡಿಯೋಣ' ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಯಾರೂ ಅನ್ನದಿದ್ದರೆ ನೀವೇ ಅನ್ನಿ. ಆ ಅರ್ಧ ಗಂಟೆಗೇ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರ ಬಗ್ಗೆ ಕೇಳಿರುತ್ತೀರಿ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ. ಅವರು ಸೇರಿ ಬರೀ ಹರಟೆ ಹೊಡೆಯಲಿಲ್ಲ. ಹೆಂಗಸರು ಬೀಸುವಾಗ, ಕುಟ್ಟುವಾಗ ಹೇಳುತ್ತಿದ್ದ ಹಾಡುಗಳನ್ನು ಕೇಳಿ ಕೇಳಿ ಬರೆದಿಟ್ಟರು. ಜಾತಿ ಧರ್ಮ ಬೇರೆಯಾದರೂ ಅವರೆಲ್ಲ ಒಂದೇ ಗುಂಪಾಗಿ ಉಳಿದದ್ದರಲ್ಲಿ ಆ ಕೆಲಸದ ಪಾಲು ದೊಡ್ಡದು ಅಂತ ನನ್ನ ನಂಬಿಕೆ. ಕನ್ನಡದಲ್ಲಿ ಇವತ್ತಿಗೂ ಅವರನ್ನು 'ಹಲಸಂಗಿ ಗೆಳೆಯರು' ಅಂತಲೇ ಕರೆಯುತ್ತಾರೆ.

ಆ ಆಸ್ಪತ್ರೆ ರಾತ್ರಿಯ ವಿಷಯ. ನೀವು ಕರೆದಿದ್ದರೆ ಯಾರಾದರೂ ಬರುತ್ತಿದ್ದರು. ನಮ್ಮ ಕಡೆ ಜನ ಆಮೇಲೆ ಏನು ಹೇಳುತ್ತಾರೆ ನೆನಪಿದೆಯಲ್ವಾ? 'ನಮಗೊಂದು ಮಾತು ಹೇಳಬಾರದಿತ್ತಾ?' ಅದು ಬಾಯುಪಚಾರ ಅಲ್ಲ, ನಿಜವಾದ ಬೇಜಾರು. ಯಾರಿಗೂ ತೊಂದರೆ ಕೊಡಬಾರದು ಅಂತ ನಾವು ದೂರ ನಿಲ್ಲುತ್ತೇವೆ, ಅವರು ಅದನ್ನು 'ಇವನು ನಮ್ಮನ್ನು ಹೊರಗಿಟ್ಟ' ಅಂತ ತಿಳಿದುಕೊಳ್ಳುತ್ತಾರೆ. ಕಾಲೇಜು ಗುಂಪಿನಿಂದ ಇಬ್ಬರನ್ನು ಆರಿಸಿ ಇವತ್ತೇ ಫೋನ್ ಮಾಡಿ. ಮೆಸೇಜ್ ಬೇಡ. 'ಯಾವಾಗಾದ್ರೂ ಸಿಗೋಣ ಕಣೋ' ಅನ್ನಬೇಡಿ, ಆ ಯಾವಾಗಾದರೂ ಬರುವುದೇ ಇಲ್ಲ. 'ಶನಿವಾರ ಊರಿಗೆ ಬರ್ತಿದ್ದೀನಿ, ಸಂಜೆ ನಿಮ್ಮನೆಗೆ ಬರ್ಲಾ?' ಅಂತ ಕೇಳಿ.

ಪ್ರಶ್ನೆ: ನಾನು ಸಿಂಧನೂರು ಕಡೆಯವಳು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ. ಕ್ಲಾಸಿನಲ್ಲಿ ಎಲ್ಲರೂ ಪಟಪಟ ಇಂಗ್ಲಿಷ್ ಮಾತಾಡುತ್ತಾರೆ. ಉತ್ತರ ಗೊತ್ತಿದ್ದರೂ ಬಾಯಿ ಬರಲ್ಲ, ಕೈ ತಣ್ಣಗಾಗುತ್ತೆ. ಮೋಟಿವೇಶನ್ ವಿಡಿಯೋ ನೋಡಿದಾಗ ಧೈರ್ಯ ಬರುತ್ತೆ, ಬೆಳಗ್ಗೆ ಎದ್ದರೆ ಇರಲ್ಲ. ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು ಹೇಗೆ?
– ಹೆಸರು ಬೇಡ

ಉತ್ತರ: ತಂಗೀ, ವಿಡಿಯೋದ ಧೈರ್ಯ ಬೆಳಗ್ಗೆಗೆ ಇಲ್ಲದಿರುವುದು ನಿನ್ನ ಕೊರತೆ ಅಲ್ಲ. ಅದು ಇನ್ನೊಬ್ಬರ ಧೈರ್ಯ. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲೇ ಇದರ ಬಗ್ಗೆ ಬರೆದರು. 'ನನ್ನಿಂದ ಆಗುತ್ತೆ' ಅನ್ನುವ ನಂಬಿಕೆಗೆ ಎಲ್ಲಕ್ಕಿಂತ ಗಟ್ಟಿ ಬೇರು ಅಂದರೆ ಹಿಂದೆ ತಾನೇ ಮಾಡಿ ಮುಗಿಸಿದ ಕೆಲಸ. ನಮ್ಮಂಥವರೇ ಮಾಡಿದ್ದನ್ನು ಕಣ್ಣಾರೆ ನೋಡುವುದು ಅದರ ನಂತರದ್ದು. ಯಾರೋ ಬೆನ್ನು ತಟ್ಟಿ ಹೇಳಿದ ಮಾತು ಅದಕ್ಕೂ ಕೆಳಗೆ.

ಹಾಗಾಗಿ ಸಣ್ಣದೊಂದು ಕೆಲಸ ಹಿಡಿ. ಎಲ್ಲರ ಮುಂದೆ ಈಗಲೇ ಬೇಡ. ಕ್ಲಾಸ್ ಮುಗಿದು ಲೆಕ್ಚರರ್ ಪುಸ್ತಕ ಎತ್ತಿಕೊಳ್ಳುತ್ತಾರಲ್ಲ, ಆಗ ಹೋಗಿ ಒಂದೇ ಒಂದು ಡೌಟ್ ಕೇಳು. ವಾಕ್ಯ ಹಿಂದಿನ ರಾತ್ರಿಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿರು, ತಡವರಿಸಿದರೆ ನೋಡಿಕೊಂಡೇ ಹೇಳು. ಮುಂದಿನ ವಾರ ಇನ್ನೊಂದು. ಲ್ಯಾಬಿನಲ್ಲಿ ವೈವಾ ಇದ್ದರೆ ಮೊದಲ ಎರಡು ವಾಕ್ಯ ರೂಮ್‌ಮೇಟ್ ಮುಂದೆ ಜೋರಾಗಿ ಹೇಳಿ ನೋಡು. ನಿನ್ನ ಹಾಗೆಯೇ ಕನ್ನಡ ಮೀಡಿಯಂನಿಂದ ಬಂದು ಈಗ ಮೂರನೇ ವರ್ಷದಲ್ಲಿ ಇರುವವರು ನಿನ್ನ ಕಾಲೇಜಿನಲ್ಲಿ ಖಂಡಿತ ಇದ್ದಾರೆ. ಅವರನ್ನು ಹುಡುಕು. ಗಣಿತ ನಿನಗೆ ಚೆನ್ನಾಗಿ ಬರುತ್ತೆ ಅಂದರೆ, ಅರ್ಥವಾಗದವರಿಗೆ ಕನ್ನಡದಲ್ಲೇ ಹೇಳಿಕೊಡು. ಗೆಳತಿಯರೂ ಸಿಗುತ್ತಾರೆ.

ನಮ್ಮ ರಾಹುಲ್ ದ್ರಾವಿಡ್ ಅವರನ್ನು 1998ರಲ್ಲಿ ಒಂದು ದಿನದ ತಂಡದಿಂದ ಕೈಬಿಟ್ಟಿದ್ದರು, ರನ್ ನಿಧಾನ ಅಂತ. 1999ರ ವಿಶ್ವಕಪ್‌ನಲ್ಲಿ ಎಲ್ಲ ತಂಡದವರಿಗಿಂತ ಜಾಸ್ತಿ ರನ್ ಹೊಡೆದದ್ದು ಅವರೇ, 461. ಮಧ್ಯದ ಆ ತಿಂಗಳುಗಳಲ್ಲಿ ನಡೆದ ಅಭ್ಯಾಸವನ್ನು ಯಾರೂ ಟಿವಿಯಲ್ಲಿ ತೋರಿಸಲಿಲ್ಲ. ನಿನ್ನದೂ ಈಗ ಅಂಥದ್ದೇ ಹೊತ್ತು.

ಪ್ರಶ್ನೆ: ಶಾಲಾ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ಯಜಮಾನರು ಹೋಗಿ ಒಂದು ವರ್ಷವಾಯಿತು. ಮಕ್ಕಳಿಬ್ಬರೂ ಹೊರದೇಶದಲ್ಲಿ. ಬೆಳಗ್ಗೆ ಎದ್ದು ಡಿಕಾಕ್ಷನ್ ಹಾಕುತ್ತೇನೆ, ಯಾರಿಗೆ ಅಂತ ಅನಿಸುತ್ತೆ. ಈ ಬದುಕಿಗೆ ಏನು ಅರ್ಥ?
– ಸಾಗರದಿಂದ ಒಬ್ಬರು

ಉತ್ತರ: ಅಮ್ಮಾ, ನಿಮ್ಮ ಕಾಗದ ಓದಿ ತುಂಬಾ ಹೊತ್ತು ಹಾಗೇ ಕೂತಿದ್ದೆ. ಎರಡು ಲೋಟ ಇಡುತ್ತಿದ್ದ ಕೈ ಒಂದೇ ಲೋಟ ಇಡುವುದನ್ನು ಕಲಿಯುವುದು ಕಷ್ಟ. ಒಂದು ವರ್ಷ ಅಂದರೆ ಏನೂ ಅಲ್ಲ. ಬೇಗ ಸುಧಾರಿಸಿಕೊಳ್ಳಿ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಬದುಕಿನ ಅರ್ಥ ಅಂತ ದೊಡ್ಡದಾಗಿ ಯೋಚಿಸುತ್ತಾ ಕೂತರೆ ಉತ್ತರ ಸಿಗುವುದು ಕಡಿಮೆ. ಮಕ್ಕಳಿಲ್ಲದ ಕೊರಗಿನಲ್ಲಿದ್ದ ಸಾಲುಮರದ ತಿಮ್ಮಕ್ಕ, ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು ಹುಲಿಕಲ್–ಕುದೂರು ರಸ್ತೆಯಲ್ಲಿ 385 ಆಲದ ಸಸಿ ಬೆಳೆಸಿದರು. ಬೇಸಿಗೆಯಲ್ಲಿ ಸಸಿಗೆ ನೀರು ಬೇಕು, ಅಷ್ಟೇ. ಏಳೋಕೆ ಅಷ್ಟು ಕಾರಣ ಸಾಕಿತ್ತು. ನಿಮಗೆ ಪಾಠ ಗೊತ್ತು. ಪಕ್ಕದ ಬೀದಿಯಲ್ಲಿ ಓದೋಕೆ ಕಷ್ಟಪಡುವ ಒಂದು ಮಗು ಇದ್ದೇ ಇರುತ್ತೆ. ಸಂಜೆ ಐದಕ್ಕೆ ಬಾ ಅನ್ನಿ, ಒಂದೇ ಮಗುವಿನಿಂದ ಶುರುಮಾಡಿ. ಐದಕ್ಕೆ ಯಾರೋ ಬರುತ್ತಾರೆ ಅಂದರೆ ನಾಲ್ಕೂವರೆಗೆ ನೀವೇ ಮುಖ ತೊಳೆದುಕೊಂಡು ಬಾಗಿಲು ತೆಗೆದಿಡುತ್ತೀರಿ.

ಒಂದು ಮಾತು ಮಾತ್ರ ಕೇಳಿ. ಎರಡು ವಾರಕ್ಕಿಂತ ಜಾಸ್ತಿ ನಿದ್ದೆ, ಊಟ ಬಿಟ್ಟುಹೋಗಿದ್ದರೆ, ಇರುವುದೇ ಬೇಡ ಅನಿಸಿದರೆ, ಡಾಕ್ಟರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಬೇಡ.

ಪ್ರಶ್ನೆ: ಗೆಳೆಯನಿಗೆ 20,000 ರೂಪಾಯಿ ಸಾಲ ಕೊಟ್ಟು ವರ್ಷವಾಯಿತು. ಕೇಳಿದರೆ ಸ್ನೇಹ ಹೋಗುತ್ತೆ, ಕೇಳದಿದ್ದರೆ ನಿದ್ದೆ ಹೋಗುತ್ತೆ. ಏನು ಮಾಡಲಿ?
– ದಾವಣಗೆರೆ

ಉತ್ತರ: ಕೇಳಿ. ಕೇಳದೆ ಒಳಗೊಳಗೇ ಕುದಿಯುತ್ತಿದ್ದರೂ ಸ್ನೇಹ ಹೋಗುತ್ತೆ, ಅದೂ ಹೇಳದೆ ಕೇಳದೆ ಹೋಗುತ್ತೆ. ಅವನೂ ನಿಮ್ಮ ಫೋನ್ ಎತ್ತೋಕೆ ಹಿಂಜರಿಯುತ್ತಿರಬಹುದು. ನಾಲ್ಕು ಜನರ ಮುಂದೆ ಬೇಡ, ಅವನ ಹೆಂಡತಿ ಮಕ್ಕಳ ಮುಂದಂತೂ ಬೇಡವೇ ಬೇಡ. ಇಬ್ಬರೇ ಇರುವಾಗ, 'ನನಗೂ ಖರ್ಚಿದೆ ಕಣೋ, ತಿಂಗಳಿಗೆ ಎರಡು ಸಾವಿರದ ಹಾಗೆ ಕೊಡು' ಅನ್ನಿ. ಹತ್ತು ತಿಂಗಳಿಗೆ ತೀರುತ್ತೆ, ಅವನ ತಲೆಯ ಮೇಲಿನ ಭಾರವೂ ಇಳಿಯುತ್ತೆ. ಮಧ್ಯೆ ಒಂದು ತಿಂಗಳು ತಪ್ಪಿದರೆ ಆ ತಿಂಗಳು ಬಿಟ್ಟುಬಿಡಿ.