ಯಾಂಬಾದಲ್ಲಿ ಮಗುವಿಗೆ ಯಾವ ಬೀಚ್?

ಬ್ರಿಸ್ಬೇನ್‌ನಿಂದ ಅಪ್ಪ ಅಮ್ಮ, ನಾಲ್ಕು ವರ್ಷದ ಮಗು ಜೊತೆ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಕಡಲತೀರದ ಊರು ಯಾಂಬಾಗೆ ಹೋಗ್ತಿದ್ದೀವಿ, ಯಾವ ಬೀಚ್ ಒಳ್ಳೆಯದು ಅಂತ ಕೇಳಿದ್ದೀರಲ್ವಾ. ಮಗು ಇದೆ ಅಂದ್ರೆ ಮೊದಲು ವೈಟಿಂಗ್ ಬೀಚ್‌ಗೇ ಹೋಗಿ. ಕ್ಲಾರೆನ್ಸ್ ನದಿ ಸಮುದ್ರ ಸೇರುವ ಕಡೆ, ಕಲ್ಲಿನ ಗೋಡೆಯ ಒಳಬದಿಗೆ ಇದೆ, ಅಲೆಗಳ ಕಾಟ ಅಷ್ಟಿಲ್ಲ.

ಮೇನ್ ಬೀಚ್‌ನಲ್ಲಿ ಬಂಡೆ ಪಕ್ಕದಲ್ಲೇ ಸಮುದ್ರದ ನೀರಿನ ಈಜುಕೊಳ ಇದೆ, ನನಗಂತೂ ಅದೇ ಇಷ್ಟ. ಸಮುದ್ರಕ್ಕೆ ಇಳಿಯುವುದಾದರೆ ಮಾತ್ರ ಜೀವರಕ್ಷಕರು ನೆಟ್ಟಿರುವ ಕೆಂಪು ಹಳದಿ ಬಾವುಟಗಳ ನಡುವೆಯೇ ಇರಿ. ಬಾವುಟ ಇಲ್ಲದ ದಿನ ದಡದಲ್ಲೇ ಕೂತು ಮರಳಲ್ಲಿ ಆಡಿಸಿ, ಸಾಕು. ನಮ್ಮೂರಲ್ಲಿ ಕಾಲು ನೆನೆಸಿಕೊಂಡು ಬರೋ ಹಾಗೆ ಅಂದುಕೊಂಡು ಹೋದರೆ ಇಲ್ಲಿನ ನೀರಿನ ಸೆಳೆತ ಗೊತ್ತೇ ಆಗುವುದಿಲ್ಲ.

ಯಾಂಬಾ ಹತ್ತಿರದ ಆಂಗೌರಿ ಸರ್ಫಿಂಗ್ ಮಾಡುವವರ ಜಾಗ, ಸುಮ್ನೆ ನೋಡೋಕೆ ಚೆನ್ನಾಗಿದೆ. ಅಲ್ಲಿನ ಬ್ಲೂ ಪೂಲ್ ಹಳೇ ಕಲ್ಲುಗಣಿ, ಆಳ ಜಾಸ್ತಿ, ಮಗುವನ್ನು ಇಳಿಸಬೇಡಿ. ಚಳಿಗಾಲದಲ್ಲಿ ಹೋದರೆ ಲೈಟ್‌ಹೌಸ್ ಹತ್ತಿರ ನಿಂತು ತಿಮಿಂಗಿಲ ಹುಡುಕಬಹುದು. ಅಪ್ಪ ಅಮ್ಮನಿಗೆ ಬಿಸಿಲು ಸಾಕಾದರೆ ದೋಣಿಯಲ್ಲಿ ನದಿ ದಾಟಿ ಇಲೂಕಾಗೆ ಹೋಗಿ, ಅಲ್ಲಿ ಮಳೆಕಾಡು ಇದೆ, ನೆರಳಲ್ಲಿ ನಡೆಯಬಹುದು. ಮೀನು ತಿನ್ನುವವರಾದರೆ ಯಾಂಬಾ ಸಿಗಡಿ ಬಿಡಬೇಡಿ.