ರೇ ಗಿಲ್ಲನ್ ಲೈವ್ ಕ್ಯಾಸೆಟ್ ಡಿಜಿಟಲ್ ಮಾಡುವವರಿಗೆ: ಗುಂಯ್ ಸದ್ದನ್ನು ತೆಗೆಯಬೇಡಿ

ನಿಮ್ಮ ಪ್ರಶ್ನೆಯಲ್ಲಿ ನನ್ನ ಹಳೇ ಆತುರವೇ ಕಾಣಿಸಿತು. ಬ್ಯಾಡ್‌ಲ್ಯಾಂಡ್ಸ್ ಬ್ಯಾಂಡಿನ ಕಾಲದ, ಅಮೆರಿಕದ ರಾಕ್ ಗಾಯಕ ರೇ ಗಿಲ್ಲನ್ ಅವರ ಶೋ ಒಂದರ ಕ್ಯಾಸೆಟ್ ನಕಲು ಸಿಕ್ಕಿದೆ, ಧ್ವನಿ ಯಾಕೋ ತೆಳುವಾಗಿ ಕೇಳುತ್ತಿದೆ, ಗುಂಯ್ ಸದ್ದು ಮತ್ತು ಹಿಸ್ (ಟೇಪಿನ ಹಿನ್ನೆಲೆಯ ಸುಯ್ ಸದ್ದು) ತೆಗೆದು ಹೊಸಬರಿಗೆ ಕೇಳಿಸಬೇಕು, ಅದಕ್ಕೆ ಯಾವ ಸಾಫ್ಟ್‌ವೇರ್ ಎಂದು ಕೇಳಿದ್ದೀರಿ. ಸದ್ಯಕ್ಕೆ ಯಾವುದೂ ಬೇಡ. ಆ ಗುಂಯ್ ಸದ್ದಿಲ್ಲದೆ ಅವರ ನಿಜವಾದ ಧ್ವನಿ ನಿಮಗೆ ವಾಪಸ್ ಸಿಗುವುದಿಲ್ಲ.

ನಾವು ಕೆಲವು ಅಭಿಮಾನಿಗಳು ಇಂಥದೇ ಒಂದು ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಂಡವರು ಮೊದಲು ಮಾಡಿದ್ದೇ ಗುಂಯ್ ಸದ್ದಿಗೆ ಫಿಲ್ಟರ್ ಹಾಕಿದ್ದು. ಆಮೇಲೆ ಹಾಡುಗಳ ನಡುವಿನ ಚಪ್ಪಾಳೆ, ಮಾತು, ಮೌನ ಕತ್ತರಿಸಿ ಒಂದೊಂದು ಹಾಡನ್ನೂ ಬೇರೆ ಎಂಪಿ3 ಮಾಡಿದೆವು. ಮೂಲ ಫೈಲ್ ದೊಡ್ಡದೆಂದು ಅಳಿಸಿದೆವು. ಟೇಪು ಕೊಟ್ಟವರಿಗೆ ವಾಪಸ್ ಹೋಯಿತು. ಅದು ವೇಗವಾಗಿ ಓಡುತ್ತಿತ್ತು ಎಂಬುದು ತಿಳಿಯುವ ಹೊತ್ತಿಗೆ ಎಷ್ಟು ವೇಗವೆಂದು ಅಳೆಯಲು ಏನೂ ಉಳಿದಿರಲಿಲ್ಲ. ಈ ಒಂದು ತಪ್ಪನ್ನೇ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಮಾಡಹೊರಟಿರುವುದೂ ಅದನ್ನೇ.

ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ಪ್ರೇಕ್ಷಕರ ನಡುವೆ ಗುಟ್ಟಾಗಿ ಇಟ್ಟುಕೊಂಡ ಪೋರ್ಟಬಲ್ ರೆಕಾರ್ಡರ್‌ಗಳು ಈ ವೇಗವನ್ನು ಕರಾರುವಾಕ್ಕಾಗಿ ಹಿಡಿಯುತ್ತಿರಲಿಲ್ಲ. ಬ್ಯಾಟರಿ ಇಳಿದಂತೆ ಮೋಟಾರ್ ನಿಧಾನವಾಗುತ್ತದೆ. ನಿಧಾನವಾಗಿ ಓಡಿದ ಟೇಪಿನಲ್ಲಿ ಮುದ್ರಿಸಿದ್ದನ್ನು ಸರಿಯಾದ ವೇಗದ ಕ್ಯಾಸೆಟ್ ಡೆಕ್‌ನಲ್ಲಿ ಹಾಕಿದರೆ ಅದು ವೇಗವಾಗಿ, ಮೇಲಿನ ಶ್ರುತಿಯಲ್ಲಿ ಕೇಳುತ್ತದೆ. ಹಾಗಾಗಿ ಶೋ ಮುಗಿಯುತ್ತಾ ಬಂದಂತೆ ಗಾಯಕ ಚಿಕ್ಕವನಾಗುತ್ತಾ ಹೋದಂತೆ ಅನಿಸುವ ಟೇಪುಗಳಿವೆ. ಅದರ ಮೇಲೆ ಒಬ್ಬರಿಂದ ಒಬ್ಬರಿಗೆ ನಕಲಾಗುವಾಗ ಪ್ರತಿ ಡೆಕ್ಕೂ ತನ್ನ ತಪ್ಪನ್ನು ಸೇರಿಸುತ್ತದೆ.

ಅರ್ಧ ಸ್ವರ ಏರಲು ವೇಗ ಸುಮಾರು ಶೇ. 6ರಷ್ಟು ಹೆಚ್ಚಬೇಕು. ಶೇ. 3 ಹೆಚ್ಚಾದರೆ ಏರುವುದು ಅದರ ಅರ್ಧ ಮಾತ್ರ, ಕಿವಿ ಅದನ್ನು ಅಪಸ್ವರ ಎಂದು ಹಿಡಿಯುವುದಿಲ್ಲ, ಏಕೆಂದರೆ ಇಡೀ ಬ್ಯಾಂಡ್ ಒಟ್ಟಿಗೇ ಏರಿರುತ್ತದೆ. ಐದು ನಿಮಿಷದ ಹಾಡಿನಲ್ಲಿ ಒಂಬತ್ತು ಸೆಕೆಂಡ್ ಮಾಯವಾಗುತ್ತದೆ, ಅದೂ ಗೊತ್ತಾಗುವುದಿಲ್ಲ. ಪೆಟ್ಟು ಬೀಳುವುದು ಗಂಟಲಿನ ಬಣ್ಣಕ್ಕೆ. ಶ್ರುತಿಯ ಜೊತೆಗೆ ಬಾಯಿ, ಗಂಟಲು, ಎದೆಯ ಅನುರಣನವೂ ಅಷ್ಟೇ ಪ್ರಮಾಣದಲ್ಲಿ ಮೇಲೆ ಸರಿಯುತ್ತದೆ, ಸ್ವರದ ಕಂಪನವೂ ಬಿರುಸಾಗುತ್ತದೆ. ಗಿಲ್ಲನ್ ಅವರ ಹೆಚ್ಚುಗಾರಿಕೆ ಇದ್ದದ್ದೇ ಅಲ್ಲಿ: ಮೇಲಿನ ಸ್ವರದಲ್ಲಿ ಕೂಗುವಾಗಲೂ ಕೆಳಗಿನ ಎದೆಯ ತೂಕ ಬಿಡದ ಬ್ಲೂಸ್ ಗಾಯನ. ಶೇ. 3ರ ತಪ್ಪಿಗೆ ಆ ತೂಕವೇ ಹೋಗಿ, ಎಂಬತ್ತರ ದಶಕದ ಇನ್ನೊಂದು ಕೀಚಲು ಕಂಠ ಉಳಿಯುತ್ತದೆ. ನೀವು ತೆಳು ಎಂದದ್ದು ಬಹುಶಃ ಇದೇ. ಈ ಟೇಪು ಕೇಳಿ "ಸ್ಟುಡಿಯೋದಲ್ಲಿ ಚೆನ್ನ, ವೇದಿಕೆಯಲ್ಲಿ ಅಷ್ಟಕ್ಕಷ್ಟೆ" ಎನ್ನುವವರ ಮೇಲೆ ನನಗೆ ಕೋಪವಿಲ್ಲ, ಹಾಗೆ ಕೇಳಿಸಿದ ನಮ್ಮಂಥವರ ಕೆಲಸದ ಮೇಲಿದೆ.

ಈಗ ಗುಂಯ್ ಸದ್ದಿಗೆ ಬರೋಣ. ಅಮೆರಿಕದ ವಿದ್ಯುತ್ 60 ಹರ್ಟ್ಜ್, ಬ್ರಿಟನ್ನಿನದು 50. ಹಾಡು ನಿಂತಾಗ ಗಿಟಾರ್ ಆಂಪ್, ಸ್ಪೀಕರ್‌ಗಳಿಂದ ಬರುವ ಗುಂಯ್ ಆ ವಿದ್ಯುತ್ತಿನದೇ ಸದ್ದು. ಬ್ಯಾಟರಿಯ ರೆಕಾರ್ಡರ್ ಆದರೂ ಗಾಳಿಯಲ್ಲಿ ಬಂದ ಆ ಸದ್ದನ್ನು ಹಿಡಿದಿರುತ್ತದೆ. ಅದರ ಆವರ್ತನ ದೊಡ್ಡ ವಿದ್ಯುತ್ ಜಾಲದಲ್ಲಿ ಬಹಳ ಅಲುಗಾಡುವುದಿಲ್ಲ. ಅಂದರೆ ಟೇಪಿನೊಳಗೇ ಒಂದು ಗಡಿಯಾರ ಅಚ್ಚಾಗಿ ಕೂತಿದೆ. ಅಮೆರಿಕದ ಶೋ ಟೇಪಿನಲ್ಲಿ ಅದು 61.8 ಎಂದು ತೋರಿದರೆ ಟೇಪು ಶೇ. 3 ವೇಗ, ಸರಿಪಡಿಸುವ ಗುಣಕ 60 ಭಾಗಿಸು 61.8, ಅಂದರೆ 0.971. ಇಷ್ಟೇ ಲೆಕ್ಕ. ಗುಂಯ್ ಫಿಲ್ಟರ್ ಅಳಿಸುವುದು 60, 120, 180ರ ಆಸುಪಾಸನ್ನೇ. ಹಿಸ್ ತೆಗೆಯುವ ಸಾಫ್ಟ್‌ವೇರ್ ಮಾದರಿಯಾಗಿ ಕೇಳುವುದು ಹಾಡುಗಳ ನಡುವಿನ ಜಾಗವನ್ನೇ. ಹಾಡು ಬೇರ್ಪಡಿಸುವಾಗ ಕತ್ತರಿಸಿ ಎಸೆಯುವುದೂ ಅದೇ ಜಾಗವನ್ನು. ಮೂರು ಕೆಲಸವೂ ಒಂದೇ ಗಡಿಯಾರವನ್ನು ಒಡೆಯುತ್ತವೆ.

ಗಿಟಾರಿನ ಶ್ರುತಿ ನೋಡಿ ಸರಿಪಡಿಸಬಹುದಲ್ಲ ಎಂದು ನಮಗೂ ಅನಿಸಿತ್ತು. ಆಗುವುದಿಲ್ಲ. ಈ ಬಗೆಯ ಎಷ್ಟೋ ಬ್ಯಾಂಡ್‌ಗಳು ವೇದಿಕೆಯಲ್ಲಿ ತಂತಿಗಳನ್ನು ಅರ್ಧ ಸ್ವರ ಇಳಿಸಿಕೊಳ್ಳುತ್ತವೆ. ಟೇಪಿನ ಶ್ರುತಿ ಎರಡು ಸ್ವರಗಳ ಸರಿಯಾದ ನಡುವೆ ನಿಂತಿದ್ದರೆ ಅದು ಮೇಲಿನದು ಇಳಿದದ್ದೋ ಕೆಳಗಿನದು ಏರಿದ್ದೋ ಹೇಳುವವರು ಯಾರು? ಊಹೆಯಿಂದ ಸರಿಪಡಿಸಿದರೆ ತಪ್ಪು ಇಮ್ಮಡಿಯಾಗುವ ಸಾಧ್ಯತೆಯೂ ಇದೆ.

ಟೇಪಿನ ಕೆಲಸ ಹೀಗೆ. ಮೊದಲು ಹಿಂಬದಿಯ ಎರಡು ಪ್ಲಾಸ್ಟಿಕ್ ಕಿವಿ ಮುರಿಯಿರಿ, ಮೇಲೆ ಮತ್ತೇನೂ ಮುದ್ರಣವಾಗದಂತೆ. ಟೇಪಿನ ಹಿಂದಿರುವ ಸಣ್ಣ ಒತ್ತುಪಟ್ಟಿ ಉದುರಿದೆಯೇ ನೋಡಿ. ಅದಿಲ್ಲದಿದ್ದರೆ ಟೇಪು ಅದನ್ನು ಓದುವ ಹೆಡ್‌ಗೆ ತಾಗದೆ ಧ್ವನಿ ಮಸುಕಾಗುತ್ತದೆ, ಆಗ ಟೇಪನ್ನು ಸ್ಕ್ರೂ ಇರುವ ಒಳ್ಳೆಯ ಕವಚಕ್ಕೆ ಬದಲಿಸಬೇಕು. ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಪೂರ್ತಿ ಹಿಂದಕ್ಕೆ ಸುತ್ತಿ, ಸುತ್ತು ಸಮವಾಗುತ್ತದೆ. 120 ನಿಮಿಷದ ಕ್ಯಾಸೆಟ್ ಆದರೆ ಟೇಪು ತೀರಾ ತೆಳು, ಅದನ್ನು ಪದೇಪದೇ ಸುತ್ತಬೇಡಿ. ಟೇಪನ್ನು ಬಿಸಿ ಮಾಡಿ ಒಣಗಿಸಿ ಎಂಬ ಸಲಹೆ ಸಿಗುತ್ತದೆ. ಅದು ಮುಖ್ಯವಾಗಿ ಕೆಲವು ದೊಡ್ಡ ರೀಲ್ ಟೇಪುಗಳ ಅಂಟು ರೋಗಕ್ಕೆ ಮದ್ದು, ನಿಮ್ಮ ಕ್ಯಾಸೆಟ್‌ಗಲ್ಲ.

ಡೆಕ್‌ನ ಹೆಡ್, ಕ್ಯಾಪ್‌ಸ್ಟನ್ (ಟೇಪನ್ನು ಎಳೆಯುವ ಸಣ್ಣ ಲೋಹದ ಕಡ್ಡಿ) ಎರಡನ್ನೂ ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ. ರಬ್ಬರ್ ರೋಲರ್‌ಗೆ ನೀರು ತಾಗಿಸಿದ ಬಟ್ಟೆ ಸಾಕು.

ಆಮೇಲೆ ಅಜಿಮತ್, ಅಂದರೆ ಹೆಡ್‌ನ ವಾಲು. ನಿಮ್ಮ ಡೆಕ್‌ನ ಹೆಡ್ ಮತ್ತು ಆ ಟೇಪು ಮುದ್ರಿಸಿದ ಡೆಕ್‌ನ ಹೆಡ್ ಒಂದೇ ಕೋನದಲ್ಲಿ ಇರುವುದು ಅಪರೂಪ. ಕೋನ ತಪ್ಪಿದರೆ ಮೇಲಿನ ಆವರ್ತನಗಳೆಲ್ಲ ಸಾಯುತ್ತವೆ, ಅವನ್ನು ಯಾವ ಈಕ್ವಲೈಜರ್ ಕೂಡ ಮರಳಿ ಕೊಡುವುದಿಲ್ಲ. ಎಡ, ಬಲ ಎರಡು ಚಾನೆಲ್ಲನ್ನೂ ಸೇರಿಸಿ ಮೋನೊ ಮಾಡಿ ಕೇಳುತ್ತಾ, ಹೆಡ್‌ನ ಪಕ್ಕದ ಸ್ಪ್ರಿಂಗ್ ಇರುವ ಸ್ಕ್ರೂವನ್ನು ಅಯಸ್ಕಾಂತವಿಲ್ಲದ ಸ್ಕ್ರೂಡ್ರೈವರ್‌ನಿಂದ ಕೂದಲೆಳೆಯಷ್ಟು ತಿರುಗಿಸಿ; ಸಿಂಬಲ್ (ಡ್ರಮ್ ಸೆಟ್ಟಿನ ಲೋಹದ ತಟ್ಟೆ) ಮತ್ತು ಹಿಸ್ ಅತ್ಯಂತ ಚುರುಕಾಗಿ ಕೇಳುವಲ್ಲಿ ನಿಲ್ಲಿಸಿ. ಕಾಲು ಸುತ್ತಿಗಿಂತ ಹೆಚ್ಚು ಬೇಕಾಗುವುದು ವಿರಳ. ಬಿ ಬದಿಗೆ ಇದನ್ನು ಹೊಸದಾಗಿ ಮಾಡಬೇಕು. ಹಿಸ್ ಜೋರಾಯಿತೆಂದು ಹೆದರಬೇಡಿ, ಹಿಸ್ ಚೆನ್ನಾಗಿ ಕೇಳುತ್ತಿದೆ ಎಂದರೆ ಗಾಯಕನ ಉಸಿರೂ ಚೆನ್ನಾಗಿ ಬರುತ್ತಿದೆ ಎಂದರ್ಥ. ಹಿಸ್ ತಗ್ಗಿಸುವ ಡಾಲ್ಬಿ ಗುಂಡಿ ಆಫ್ ಇರಲಿ. ಎಷ್ಟು ಬಾರಿ ನಕಲಾಗಿದೆಯೋ ತಿಳಿಯದ ಟೇಪಿನಲ್ಲಿ ಮಟ್ಟ ಹೊಂದದೆ ಡಾಲ್ಬಿ ತಪ್ಪಾಗಿ ಕೆಲಸ ಮಾಡಿ ಹಾಡಿನ ಕೊನೆಕೊನೆಯ ಎಳೆಗಳನ್ನು ನುಂಗುತ್ತದೆ.

ಮುದ್ರಣ 24 ಬಿಟ್, 96 ಕಿಲೋಹರ್ಟ್ಜ್. ಅತಿ ಜೋರಿನ ಜಾಗ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಬರಲಿ. ಒಂದು ಬದಿಯನ್ನು ತಡೆಯಿಲ್ಲದೆ, ಶುರುವಿನ ಖಾಲಿ ಹಿಸ್‌ನಿಂದ ಕೊನೆಯ ಟಕ್ ಸದ್ದಿನವರೆಗೆ ಇಳಿಸಿ. 45 ನಿಮಿಷದ ಬದಿಗೆ ಸುಮಾರು 1.5 ಗಿಗಾಬೈಟ್ ಆಗುತ್ತದೆ. ಆಗಲಿ. ಇದನ್ನು ಎರಡು ಕಡೆ ಉಳಿಸಿ, ಫೈಲನ್ನು ಓದಲು ಮಾತ್ರ ಎಂದು ಬೀಗ ಹಾಕಿ. ಇನ್ನು ಮುಂದಿನದೆಲ್ಲ ಅದರ ನಕಲಿನ ಮೇಲೆ.

ಅಳೆಯಲು ಹಾಡುಗಳ ನಡುವಿನ ಹತ್ತು ಸೆಕೆಂಡಿನ ತುಣುಕು ತೆಗೆದುಕೊಂಡು 8000 ಹರ್ಟ್ಜ್‌ಗೆ ಇಳಿಸಿ, ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್‌ನ ಸ್ಪೆಕ್ಟ್ರಮ್ ನೋಟದಲ್ಲಿ 65536 ಗಾತ್ರ ಆರಿಸಿ. ಒಂದೊಂದು ಗೆರೆಯ ಅಂತರ 0.12 ಹರ್ಟ್ಜ್ ಆಗುತ್ತದೆ. 96 ಕಿಲೋಹರ್ಟ್ಜ್‌ನಲ್ಲೇ ನೋಡಿದರೆ ಅದೇ ಅಂತರ ಸುಮಾರು ಒಂದೂವರೆ ಹರ್ಟ್ಜ್, ಅದರಲ್ಲಿ ಏನೂ ತಿಳಿಯದು. 60ರ ಹತ್ತಿರದ ಶಿಖರದ ಜೊತೆ 120, 180, 240ರ ಹತ್ತಿರವೂ ನೋಡಿ, ಮೇಲಿನವು ಇನ್ನೂ ನಿಖರ. ಹಾಡು ನಡೆಯುವಾಗ ಅಳೆಯಲೇಬೇಡಿ: ನಾಲ್ಕು ತಂತಿಯ ಬೇಸ್ ಗಿಟಾರಿನ ಕೆಳಗಿನ ಬಿ ಸ್ವರ 61.7 ಹರ್ಟ್ಜ್, ಅದರ ಮೇಲ್ಸ್ವರಗಳೂ ಅದೇ ಮೆಟ್ಟಿಲುಗಳಲ್ಲಿ ಬರುತ್ತವೆ, ಶೇ. 3 ವೇಗದ ಗುಂಯ್ ಎಂದೇ ಮೋಸ ಹೋಗುತ್ತೀರಿ. ಅಮೆರಿಕದ ಶೋ ಟೇಪಿನಲ್ಲಿ 50ರ ಹತ್ತಿರ ಇನ್ನೊಂದು ಶಿಖರ ಕಂಡರೆ ಅದು ಬಹುಶಃ 50 ಹರ್ಟ್ಜ್ ದೇಶದಲ್ಲಿ ನಕಲು ಮಾಡಿದ ಡೆಕ್‌ನದು. ನಿಮಗೆ ಬೇಕಾದ್ದು ಶೋ ನಡೆದ ದೇಶದ್ದು. ಪ್ರತಿ ಹಾಡಿನ ಮುಂಚೆಯೂ ಅಳೆದು ಬರೆದುಕೊಳ್ಳಿ. ಅಂಕಿ ಏರುತ್ತಾ ಹೋದರೆ ಬ್ಯಾಟರಿ ಇಳಿದಿದೆ, ಆಗ ಒಂದೇ ಗುಣಕ ಸಾಲದು, ಭಾಗಭಾಗವಾಗಿ ಸರಿಪಡಿಸಬೇಕು. ವೇಗ ಮತ್ತು ಶ್ರುತಿ ಒಟ್ಟಿಗೆ ಬದಲಾಗುವ ಆಯ್ಕೆಯನ್ನೇ ಬಳಸಿ. ಶ್ರುತಿ ಮಾತ್ರ ಇಳಿಸುವ ಆಯ್ಕೆ ಲಯವನ್ನು ತಪ್ಪಾಗಿಯೇ ಬಿಟ್ಟು ಧ್ವನಿಗೆ ಲೋಹದ ಛಾಯೆ ಹಚ್ಚುತ್ತದೆ.

ಸರಿಹೋಯಿತೇ ಎಂದು ಕಿವಿಯಿಂದ ಪರೀಕ್ಷಿಸಲು ಅಧಿಕೃತ ಧ್ವನಿ ಪಕ್ಕದಲ್ಲಿರಲಿ. ಗಿಲ್ಲನ್ 1986ರಲ್ಲಿ ಗಾಯಕ ಗ್ಲೆನ್ ಹ್ಯೂಸ್ ಜಾಗಕ್ಕೆ ಪ್ರವಾಸದ ನಡುವೆ ಬಂದು ಬ್ರಿಟನ್ನಿನ ಬ್ಯಾಂಡ್ ಬ್ಲ್ಯಾಕ್ ಸಬ್ಬತ್‌ಗೆ ಹಾಡಿದರು. ಆ ವರ್ಷ ಜೂನ್ 2ರ ಲಂಡನ್ ಹ್ಯಾಮರ್‌ಸ್ಮಿತ್ ಓಡಿಯನ್ ಶೋನ ಹಾಡುಗಳು ಆ ಬ್ಯಾಂಡಿನ 'ಸೆವೆಂತ್ ಸ್ಟಾರ್' ಆಲ್ಬಮ್ಮಿನ 2010ರ ಡಿಲಕ್ಸ್ ಆವೃತ್ತಿಯ ಎರಡನೇ ಡಿಸ್ಕ್‌ನಲ್ಲಿವೆ. ವೇದಿಕೆಯಲ್ಲಿ ಅವರ ಗಂಟಲು ಹೇಗಿತ್ತು ಎಂಬುದಕ್ಕೆ ಅದನ್ನೇ ಅಳತೆಗೋಲು ಮಾಡಿಕೊಳ್ಳಿ. ಎಪ್ಪತ್ತರ ದಶಕದ ಹಳೇ ಹಾಡುಗಳನ್ನು, ತನಗಾಗಿ ಬರೆಯದ ಹಾಡುಗಳನ್ನು, ಅವರು ಎಷ್ಟು ಗಟ್ಟಿಯಾಗಿ ಎತ್ತಿ ಹಿಡಿಯುತ್ತಾರೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ.

ಇನ್ನು ಈ ಟೇಪನ್ನು ಹೊಸಬರಿಗೆ ಮೊದಲು ಕೇಳಿಸುತ್ತೇನೆ ಎಂಬ ನಿಮ್ಮ ಯೋಚನೆಯನ್ನೇ ನಾನು ಒಪ್ಪುವುದಿಲ್ಲ. ಗಿಲ್ಲನ್ ಅವರನ್ನು ಜನ ಮರೆತದ್ದು ಲೈವ್ ಟೇಪು ಸಿಗದೆ ಅಲ್ಲ, ಒಳ್ಳೆಯ ರೆಕಾರ್ಡುಗಳು ಕೈಗೆ ಸಿಗದೆ. ಸಬ್ಬತ್‌ನ 'ದಿ ಇಟರ್ನಲ್ ಐಡಲ್'ಗೆ ಅವರು ಹಾಡಿದ್ದರು. ಅವರು ಬ್ಯಾಂಡ್ ಬಿಟ್ಟ ಮೇಲೆ ಹೊಸ ಗಾಯಕ ಟೋನಿ ಮಾರ್ಟಿನ್ ಮತ್ತೆ ಹಾಡಿ 1987ರಲ್ಲಿ ಆಲ್ಬಮ್ ಬಂತು, ಗಿಲ್ಲನ್ ಹಾಡಿದ ಆವೃತ್ತಿ ಅಧಿಕೃತವಾಗಿ ಹೊರಬರಲು 2010 ಆಗಬೇಕಾಯಿತು. ಆಮೇಲೆ ಗಿಟಾರ್ ವಾದಕ ಜೇಕ್ ಇ. ಲೀ ಜೊತೆ ಬ್ಯಾಡ್‌ಲ್ಯಾಂಡ್ಸ್: 1989ರ ಮೊದಲ ಆಲ್ಬಮ್, 1991ರ 'ವೂಡೂ ಹೈವೇ'. ಇವು ವರ್ಷಗಟ್ಟಲೆ ಮರುಮುದ್ರಣವಿಲ್ಲದೆ ಸೆಕೆಂಡ್ ಹ್ಯಾಂಡ್ ಸರಕಾಗಿಯೇ ಉಳಿದವು. ಏಡ್ಸ್ ಸಂಬಂಧಿತ ಕಾಯಿಲೆಯಿಂದ ಅವರು 1993ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ ವಯಸ್ಸು 34. ಡೆಮೊ ರೂಪದಲ್ಲೇ ಉಳಿದಿದ್ದ 'ಡಸ್ಕ್' ಹೊರಬಂದದ್ದು ಅದಾದ ಎಷ್ಟೋ ವರ್ಷಕ್ಕೆ.

ಹೊಸಬರಿಗೆ 1989ರ ಆಲ್ಬಮ್ಮಿನ 'ವಿಂಟರ್ಸ್ ಕಾಲ್' ಕೇಳಿಸಿ, ಅದರ ಬೆನ್ನಿಗೆ 'ವೂಡೂ ಹೈವೇ'ಯಲ್ಲಿ ಅವರು ಹಾಡಿದ ಜೇಮ್ಸ್ ಟೇಲರ್ ಹಾಡು 'ಫೈರ್ ಅಂಡ್ ರೇನ್'. ಎಲ್ಲರಿಗೂ ಗೊತ್ತಿರುವ ಮೆದು ಹಾಡಿನಲ್ಲಿ ಒಬ್ಬ ಗಾಯಕ ಏನು ಬದಲಿಸುತ್ತಾನೆ ಎಂಬುದು ಬೇಗ ಕಿವಿಗೆ ಬೀಳುತ್ತದೆ. ಹಾಗೆ ಕೇಳಿ ಮನಸೋತವರು ತಾವಾಗಿಯೇ ಲೈವ್ ಇದೆಯೇ ಎಂದು ಕೇಳುತ್ತಾರೆ. ನಿಮ್ಮ ಟೇಪು ಅವರಿಗೆ. ಅವರು ಹಿಸ್‌ಗೆ ಬೇಸರಪಡುವವರಲ್ಲ.

ಅಷ್ಟಾದ ಮೇಲೂ ಹಿಸ್ ಕಡಿಮೆ ಮಾಡಲೇಬೇಕೆಂದರೆ ವೇಗ ಸರಿಪಡಿಸಿದ ನಕಲಿನ ಮೇಲೆ 3ರಿಂದ 4 ಡೆಸಿಬೆಲ್, ಅದಕ್ಕಿಂತ ಹೆಚ್ಚಲ್ಲ. 10, 12 ಡೆಸಿಬೆಲ್ ಎಳೆದರೆ ಸಾಲಿನ ಕೊನೆಯಲ್ಲಿ ಗಿಲ್ಲನ್ ಸ್ವರವನ್ನು ಕಂಪಿಸುತ್ತಾ ಬಿಡುವ ಆ ಬಾಲ ಹಿಸ್‌ನ ಜೊತೆಗೇ ಕತ್ತರಿಸಿ ಹೋಗುತ್ತದೆ, ಸಿಂಬಲ್‌ಗಳು ನೀರೊಳಗಿಂದ ಬಂದಂತೆ ಗುಳುಗುಳು ಎನ್ನುತ್ತವೆ.

ಹಂಚುವಾಗ ಧ್ವನಿಯಲ್ಲಿ ಏನೂ ಕಳೆಯದ ಫ್ಲ್ಯಾಕ್ ಫೈಲ್ ರೂಪದಲ್ಲಿ ಹಂಚಿ, ಜೊತೆಗೊಂದು ಪಠ್ಯ ಫೈಲ್ ಇಡಿ: ಶೋನ ಊರು, ದಿನಾಂಕ, ಟೇಪು ಎಷ್ಟನೇ ನಕಲು ಎಂದು ಕೊಟ್ಟವರು ಹೇಳಿದ್ದು, ಯಾವ ಡೆಕ್, ಡಾಲ್ಬಿ ಆಫ್, ಪ್ರತಿ ಹಾಡಿನ ಮುಂಚೆ ಅಳೆದ ಗುಂಯ್‌ನ ಆವರ್ತನ, ಹಾಕಿದ ಗುಣಕ. ಊರು ಖಚಿತವಿಲ್ಲದಿದ್ದರೆ ಖಾಲಿ ಬಿಡಿ, ಊಹಿಸಿ ಬರೆಯಬೇಡಿ. ಬೀಗ ಹಾಕಿದ ಮೂಲ ಫೈಲನ್ನೂ ಕೇಳಿದವರಿಗೆ ಕೊಡಿ, ನಿಮಗಿಂತ ಒಳ್ಳೆಯ ಸಾಧನ ಇರುವವರು ನಾಳೆ ಅದರಿಂದ ಇನ್ನಷ್ಟು ತೆಗೆದಾರು. ಕ್ಯಾಸೆಟ್ಟನ್ನು ಪೂರ್ತಿ ಒಂದು ಬದಿಗೆ ಸುತ್ತಿ, ಡಬ್ಬಿಯಲ್ಲಿ ಹಾಕಿ, ಸ್ಪೀಕರ್‌ನಿಂದ ದೂರ ನಿಲ್ಲಿಸಿ ಇಡಿ.