ಸೀಟಿ ಊದುವವರನ್ನು ಕಳಿಸುವವರು ಯಾರು?

ಓದುಗರ ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವವನು. ಭಾನುವಾರ ಬಂತೆಂದರೆ ಫುಟ್‌ಬಾಲ್. ಹೋದ ತಿಂಗಳು ಕೆಜಿಎಫ್ ಕಡೆ ಒಂದು ಟೂರ್ನಮೆಂಟಿನ ಫೈನಲ್ ಆಡಿದೆವು. ರೆಫ್ರಿಯಾಗಿ ನಿಂತವರು ಎದುರು ಟೀಮಿನ ಕ್ಯಾಪ್ಟನ್‌ಗೆ ಸ್ವಂತ ಸೋದರಮಾವ. ಕೊನೇ ಗಳಿಗೆಯಲ್ಲಿ ಅವರಿಗೆ ಪೆನಾಲ್ಟಿ ಕೊಟ್ಟರು, ನಾವು ಸೋತೆವು, ಗಲಾಟೆಯಾಯಿತು. ಇನ್ನು ಆ ಟೂರ್ನಮೆಂಟಿಗೆ ಹೋಗುವುದೇ ಬೇಡ ಅಂತ ನಮ್ಮ ಹುಡುಗರು ತೀರ್ಮಾನ ಮಾಡಿದ್ದಾರೆ. ಟಿವಿಯಲ್ಲಿ ತೋರಿಸುವ ದೊಡ್ಡ ಲೀಗ್‌ಗಳಲ್ಲಿ ಯಾವ ಮ್ಯಾಚಿಗೆ ಯಾವ ರೆಫ್ರಿ ಎಂದು ಗೊತ್ತುಮಾಡುವವರು ಯಾರು? ತಪ್ಪು ಮಾಡಿದರೆ ಅವರನ್ನು ಕೇಳುವವರು ಯಾರು? ನಮ್ಮಂಥವರು ರೆಫ್ರಿ ಆಗಬಹುದೆ? – ಹೆಸರು ಹಾಕಬೇಡಿ ಎಂದಿರುವ ಓದುಗರು, ಬಂಗಾರಪೇಟೆ

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿದ್ದ ಹೆಸರುಗಳನ್ನು ತೆಗೆದು ಅಚ್ಚುಮಾಡಿದ್ದೇವೆ. ಅವರ ಮಾತನ್ನೂ ಕೇಳದೆ ಹೆಸರು ಹಾಕುವುದು ಸರಿಯಲ್ಲ. ಆ ಪೆನಾಲ್ಟಿ ನ್ಯಾಯವೋ ಅನ್ಯಾಯವೋ ಎಂಬ ವಿಚಾರಕ್ಕೂ ನಾನು ಹೋಗುವುದಿಲ್ಲ. ನ್ಯಾಯವೇ ಆಗಿದ್ದಿರಬಹುದು. ಆದರೂ ನೀವು ನಂಬುತ್ತಿರಲಿಲ್ಲ, ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಸೋದರಮಾವನನ್ನು ಆ ಮೈದಾನಕ್ಕೆ ಇಳಿಸಿದ ಗಳಿಗೆಯಲ್ಲೇ ಅವರು ಏನು ಕೊಟ್ಟರೂ ಯಾರೂ ಒಪ್ಪದಂತಾಯಿತು. ನನ್ನ ಪ್ರಕಾರ ಅನ್ಯಾಯ ನಿಮಗೆ ಮಾತ್ರ ಆದದ್ದಲ್ಲ, ಆ ಮನುಷ್ಯನಿಗೂ ಆಗಿದೆ. ಜವಾಬು ಕೊಡಬೇಕಾದವರು ಅವರಿಗೆ ಡ್ಯೂಟಿ ಹಾಕಿದವರು.

ದೊಡ್ಡ ಲೀಗ್‌ಗಳೂ ಬಹಳ ಪೆಟ್ಟು ತಿಂದು ಕಲಿತದ್ದು ಇದನ್ನೇ. ಶುರುವಿನಲ್ಲಿ ಆಟಕ್ಕೆ ರೆಫ್ರಿಯೇ ಇರಲಿಲ್ಲ. 1863ರಲ್ಲಿ ಇಂಗ್ಲೆಂಡಿನವರು ಬರೆದ ಮೊದಲ ನಿಯಮಗಳಲ್ಲಿ ಅಂಥವನೊಬ್ಬನ ಮಾತೇ ಬರುವುದಿಲ್ಲ. ತಕರಾರು ಬಂದರೆ ಕ್ಯಾಪ್ಟನ್‌ಗಳು ಮಾತಾಡಿಕೊಳ್ಳುತ್ತಿದ್ದರು. ಆಮೇಲೆ ಒಂದೊಂದು ತಂಡವೂ ತನ್ನ ಕಡೆಯಿಂದ ಒಬ್ಬೊಬ್ಬ ಅಂಪೈರನನ್ನು ತಂದಿತು. ಆ ಇಬ್ಬರಿಗೆ ಒಮ್ಮತ ಬರದಿದ್ದಾಗ ಹೊರಗೆ ನಿಂತ ಮೂರನೆಯವನನ್ನು ಕೇಳಬೇಕಿತ್ತು. 1891ರಲ್ಲಿ ಆ ಮೂರನೆಯವನೇ ಸೀಟಿ ಹಿಡಿದು ಒಳಗೆ ಬಂದ, ಅಂಪೈರ್‌ಗಳು ಗೆರೆಯಾಚೆ ಲೈನ್ಸ್‌ಮನ್‌ಗಳಾದರು.

ಈಗ ನೀವು ಟಿವಿಯಲ್ಲಿ ನೋಡುವ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ವಿಚಾರ. ಅಲ್ಲಿ 2001ರಲ್ಲಿ ರೆಫ್ರಿಗಳನ್ನು ಸಂಬಳದ ಮೇಲೆ ಪೂರ್ಣಾವಧಿಗೆ ನೇಮಿಸಿಕೊಳ್ಳಲು ಶುರುಮಾಡಿದರು. ಅದಕ್ಕೆಂದೇ ಪಿಜಿಎಂಒಎಲ್ ಎಂಬ ಬೇರೆ ಸಂಸ್ಥೆ ಇದೆ. ಹಣ ಕೊಡುವವರು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ, ಪ್ರೀಮಿಯರ್ ಲೀಗ್ ಮತ್ತು ಅದರ ಕೆಳಗಿನ ಲೀಗ್, ಮೂವರೂ ಸೇರಿ. ಯಾವುದೇ ಕ್ಲಬ್ಬಿಗೂ ‘ನಮಗೆ ಇಂಥವರನ್ನೇ ಕಳಿಸಿ’ ಎನ್ನುವ ಹಕ್ಕಿಲ್ಲ. 2010ರ ವಿಶ್ವಕಪ್ ಫೈನಲ್‌ಗೆ ರೆಫ್ರಿಯಾಗಿದ್ದ ಹೋವರ್ಡ್ ವೆಬ್ 2022ರಲ್ಲಿ ಈ ಪಿಜಿಎಂಒಎಲ್‌ನ ಮುಖ್ಯಸ್ಥರಾಗಿ ಬಂದರು.

ವಾರವಾರವೂ ಡ್ಯೂಟಿ ಹಾಕುವಾಗ ನೋಡುವ ಸಂಗತಿಗಳು ಹಲವು. ಆ ರೆಫ್ರಿ ಈಚೆಗೆ ಹೇಗೆ ನಡೆಸಿದ್ದಾರೆ, ಇದೇ ಟೀಮಿನ ಮ್ಯಾಚನ್ನು ಮೊನ್ನೆಮೊನ್ನೆ ತಾನೇ ನೋಡಿಕೊಂಡಿದ್ದಾರಾ, ಎಲ್ಲಿಯವರು, ಯುರೋಪಿನ ಪಂದ್ಯಕ್ಕೆ ಹೋಗಿಬಂದು ಸುಸ್ತಾಗಿದ್ದಾರಾ. ಎಲ್ಲಕ್ಕಿಂತ ಮುಖ್ಯವಾದದ್ದು, ತಾನು ಚಿಕ್ಕಂದಿನಿಂದ ಯಾವ ಕ್ಲಬ್ಬಿನ ಅಭಿಮಾನಿ ಎಂದು ಪ್ರತಿಯೊಬ್ಬ ರೆಫ್ರಿಯೂ ಬರೆದುಕೊಡಬೇಕು. ಮೈಕೆಲ್ ಆಲಿವರ್ ನ್ಯೂಕಾಸಲ್ ಅಭಿಮಾನಿ. ಹಾಗಾಗಿ ಅವರಿಗೆ ನ್ಯೂಕಾಸಲ್ ಪಂದ್ಯ ಕೊಡುವುದಿಲ್ಲ. ಅದರ ಪಕ್ಕದೂರಿನ ಬದ್ಧವೈರಿ ಸಂಡರ್‌ಲ್ಯಾಂಡ್ ಪಂದ್ಯವನ್ನೂ ಕೊಡುವುದಿಲ್ಲ. ಅವರ ಪ್ರಾಮಾಣಿಕತೆಯ ಮೇಲೆ ಯಾರಿಗೂ ಸಂದೇಹ ಇದ್ದದ್ದಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಬೇರೆ ಶಾಲೆಯ ಮೇಷ್ಟ್ರನ್ನು ಕೊಠಡಿಗೆ ಹಾಕುವುದೂ ನಮ್ಮ ಮೇಷ್ಟ್ರು ಕಳ್ಳರೆಂದಲ್ಲವಲ್ಲ, ಹಾಗೇ ಇದು.

ಇಷ್ಟೆಲ್ಲ ಇದ್ದರೂ ತೊಡಕು ಬರುತ್ತದೆ. 2024ರ ಏಪ್ರಿಲ್‌ನಲ್ಲಿ ಎವರ್ಟನ್ ಮೇಲೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ 2-0ಯಿಂದ ಸೋತಿತು. ಮೂರು ಸಲ ಪೆನಾಲ್ಟಿ ಕೇಳಿದರು, ಒಂದೂ ಸಿಗಲಿಲ್ಲ. ವಿಡಿಯೋ ಮುಂದೆ ಕೂತು ಮೈದಾನದ ತೀರ್ಪನ್ನು ಪರಿಶೀಲಿಸುವ ವಿಎಆರ್ ಅಧಿಕಾರಿ ಸ್ಟುವರ್ಟ್ ಅಟ್‌ವೆಲ್ ಲೂಟನ್ ಟೌನ್ ಅಭಿಮಾನಿ. ಲೂಟನ್ ಆ ದಿನ ಆಡುತ್ತಲೇ ಇರಲಿಲ್ಲ. ಆದರೆ ಕೆಳಗಿನ ಲೀಗ್‌ಗೆ ಬೀಳದೆ ಉಳಿಯಲು ಆ ಹೊತ್ತಿನಲ್ಲಿ ಫಾರೆಸ್ಟಿನೊಂದಿಗೆ ಪೈಪೋಟಿಯಲ್ಲಿತ್ತು. ಅವರನ್ನು ಬದಲಿಸಿ ಎಂದು ಮೊದಲೇ ಎಚ್ಚರಿಸಿದ್ದೆವು ಎಂದು ಫಾರೆಸ್ಟ್ ಬಹಿರಂಗವಾಗಿ ಬರೆಯಿತು, ಹಾಗೆ ಬರೆದದ್ದಕ್ಕೆ 7,50,000 ಪೌಂಡ್ ದಂಡ ಬಿತ್ತು. ಅಧಿಕಾರಿಯ ನಿಯತ್ತನ್ನೇ ಸಂದೇಹಿಸುವ ಮಾತನ್ನು ಬೀದಿಯಲ್ಲಿ ಆಡಿದ್ದು ತಪ್ಪು ಎಂಬುದು ನನಗೂ ಒಪ್ಪಿಗೆ. ಆದರೆ ಡ್ಯೂಟಿ ಹಾಕುವವರು ಮೈದಾನದಲ್ಲಿರುವ ಎರಡು ಟೀಮನ್ನಷ್ಟೇ ನೋಡದೆ, ಈ ಫಲಿತಾಂಶದಿಂದ ಪಾಯಿಂಟ್ಸ್ ಪಟ್ಟಿಯಲ್ಲಿ ಇನ್ಯಾರಿಗೆ ಲಾಭ ಎಂಬುದನ್ನೂ ನೋಡಬೇಕಿತ್ತು.

ಇನ್ನು ಇಟಲಿ. ನಿಮ್ಮ ಪ್ರಶ್ನೆಗೆ ಅಲ್ಲಿನ ಕಥೆಗಿಂತ ಹತ್ತಿರದ್ದು ಬೇರಿಲ್ಲ. ಅಲ್ಲಿ ರೆಫ್ರಿಗಳಿಗೆ ಡ್ಯೂಟಿ ಹಾಕುವುದಕ್ಕೆಂದೇ ಪದಾಧಿಕಾರಿಗಳಿರುತ್ತಾರೆ. ದೊಡ್ಡ ಕ್ಲಬ್ಬುಗಳಿಗೆ ಬೇಕಾದವರೇ ಹೋಗುತ್ತಾರೆ ಎಂಬ ಗುಸುಗುಸು ಹಳೆಯದು. 1984-85ರ ಸಾಲಿನಲ್ಲಿ ಆ ತಂಟೆಯೇ ಬೇಡವೆಂದು ಯಾವ ಪಂದ್ಯಕ್ಕೆ ಯಾರು ಎಂಬುದನ್ನು ಪೂರ್ತಿ ಚೀಟಿ ಎತ್ತಿ ಗೊತ್ತುಮಾಡಿದರು. ಆ ವರ್ಷ ಪ್ರಶಸ್ತಿ ಗೆದ್ದದ್ದು ಹೆಲ್ಲಾಸ್ ವೆರೋನಾ ಎಂಬ ಸಣ್ಣ ಕ್ಲಬ್! ಅದಕ್ಕೆ ಮುಂಚೆಯೂ ಅದು ಗೆದ್ದಿರಲಿಲ್ಲ, ಆಮೇಲೂ ಗೆದ್ದಿಲ್ಲ. ಚೀಟಿಯಿಂದಲೇ ಗೆದ್ದರು ಎಂದು ಹೇಳುವವರು ಇವತ್ತಿಗೂ ಇದ್ದಾರೆ. ನಾನು ಹಾಗೆನ್ನಲಾರೆ. ಡೆನ್ಮಾರ್ಕಿನ ಎಲ್ಕೇರ್, ಜರ್ಮನಿಯ ಬ್ರೀಗೆಲ್ ಅಂಥವರು ಬೆವರು ಸುರಿಸಿ ಗೆದ್ದುಕೊಟ್ಟದ್ದನ್ನು ಚೀಟಿಯ ಲೆಕ್ಕಕ್ಕೆ ಬರೆಯುವುದು ತಪ್ಪು. ಅಲ್ಲದೆ ಬರೀ ಚೀಟಿಗೆ ಬಿಟ್ಟರೆ ಎಲ್ಲಕ್ಕಿಂತ ಬಿಸಿ ಪಂದ್ಯ ಎಲ್ಲರಿಗಿಂತ ಹೊಸಬನ ಪಾಲಿಗೆ ಬರಬಹುದು. ಆ ಪದ್ಧತಿಯನ್ನು ಮರುವರ್ಷವೇ ಕೈಬಿಟ್ಟರು.

2006ರಲ್ಲಿ ಅಲ್ಲೇ ದೊಡ್ಡ ಹಗರಣವೊಂದು ಹೊರಬಂತು. ಪೊಲೀಸರು ಕದ್ದಾಲಿಸಿದ ಫೋನ್ ಮಾತುಕತೆಗಳಲ್ಲಿ ಯುವೆಂಟಸ್ ಕ್ಲಬ್ಬಿನ ಜನರಲ್ ಮ್ಯಾನೇಜರ್ ಲೂಚಾನೋ ಮೊಜ್ಜಿ, ಡ್ಯೂಟಿ ಹಾಕುವ ಪದಾಧಿಕಾರಿಗಳ ಜೊತೆಯಲ್ಲೇ ಯಾವ ಪಂದ್ಯಕ್ಕೆ ಯಾರು ಎಂದು ಮಾತಾಡಿಕೊಂಡದ್ದು ಸಿಕ್ಕಿತು. ಎರಡು ವರ್ಷದ ಪ್ರಶಸ್ತಿ ಹೋಯಿತು, ಯುವೆಂಟಸ್‌ನಂಥ ಯುವೆಂಟಸ್ ಎರಡನೇ ದರ್ಜೆಯ ಲೀಗ್‌ಗೆ ಬಿತ್ತು. ಇಲ್ಲೊಂದು ಸೂಕ್ಷ್ಮವನ್ನು ಗಮನಿಸಿ. ಹಗರಣದ ಬೇರಿದ್ದದ್ದು ಮೈದಾನದಲ್ಲಿ ಊದಿದ ಸೀಟಿಯಲ್ಲಲ್ಲ, ಪಂದ್ಯಕ್ಕೆ ದಿನಗಳ ಮುಂಚೆ ಪಟ್ಟಿ ಬರೆಯುವ ಮೇಜಿನ ಬಳಿ. ಪಟ್ಟಿ ಬರೆಯುವವರು ಒಲಿದರೆ, ಒಬ್ಬೊಬ್ಬ ರೆಫ್ರಿಯನ್ನೂ ಹೋಗಿ ಹಿಡಿಯುವ ಕೆಲಸವೇ ಉಳಿಯುವುದಿಲ್ಲ.

ಹಾಗೆಂದು ರೆಫ್ರಿ ಕೆಡುವುದೇ ಇಲ್ಲವೆಂದಲ್ಲ. ಜರ್ಮನಿಯ ರಾಬರ್ಟ್ ಹೊಯ್ಜರ್ 2004ರಲ್ಲಿ ಬೆಟ್ಟಿಂಗ್ ಗುಂಪಿನಿಂದ ಹಣ ಪಡೆದು ಪಾಡರ್‌ಬಾರ್ನ್–ಹ್ಯಾಂಬರ್ಗ್ ಪಂದ್ಯವನ್ನು ತಿರುಗಿಸಿದ. ಎರಡು ವರ್ಷ ಐದು ತಿಂಗಳ ಜೈಲು ಶಿಕ್ಷೆಯಾಯಿತು. ಅವನ ಮೇಲೆ ಸಂದೇಹ ಬಂದು ಮೇಲಿನವರಿಗೆ ತಿಳಿಸಿದವರು ಅವನ ಜೊತೆಯ ರೆಫ್ರಿಗಳೇ. ಇದನ್ನು ಓದಿದಾಗಲೆಲ್ಲ ನನಗೆ ಆ ಕಸುಬಿನವರ ಮೇಲೆ ಗೌರವ ಹೆಚ್ಚುತ್ತದೆ.

ತಪ್ಪು ಮಾಡಿದರೆ ಕೇಳುವವರು ಯಾರು ಎಂದಿರಿ. 2023ರ ಸೆಪ್ಟೆಂಬರ್ 30ರಂದು ಟಾಟನ್‌ಹ್ಯಾಮ್ ಎದುರು ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಗೋಲು ಹೊಡೆದರು. ಲೈನ್ಸ್‌ಮನ್ ಆಫ್‌ಸೈಡ್ ಎಂದು ಬಾವುಟ ಎತ್ತಿದರು. ವಿಎಆರ್ ಕೋಣೆಯಲ್ಲಿದ್ದವರು ನೋಡಿದರೆ ಆಫ್‌ಸೈಡ್ ಅಲ್ಲ. ಆದರೆ ಮೈದಾನದಲ್ಲಿ ಗೋಲು ಕೊಟ್ಟಾಗಿದೆ ಎಂದೇ ಅವರು ತಿಳಿದುಕೊಂಡಿದ್ದರು. ‘ಚೆಕ್ ಮುಗೀತು’ ಎಂದುಬಿಟ್ಟರು. ಆಟ ಮುಂದುವರಿಯಿತು, ಗೋಲು ಹೋಯಿತು, ಲಿವರ್‌ಪೂಲ್ 2-1ರಿಂದ ಸೋತಿತು. ಆಮೇಲೆ ಪಿಜಿಎಂಒಎಲ್ ಸಂಸ್ಥೆ ಅದನ್ನು ಮುಚ್ಚಿಡಲಿಲ್ಲ. ಮನುಷ್ಯರಿಂದಾದ ದೊಡ್ಡ ತಪ್ಪು ಎಂದು ಅವತ್ತೇ ಒಪ್ಪಿತು. ವಿಎಆರ್ ಕೋಣೆಯಲ್ಲಿದ್ದ ಇಬ್ಬರನ್ನೂ ಮುಂದಿನ ಡ್ಯೂಟಿಗಳಿಂದ ತೆಗೆಯಿತು. ಕೋಣೆಯೊಳಗಿನ ಮಾತುಕತೆಯ ಧ್ವನಿಮುದ್ರಣವನ್ನೇ ಹೊರಗೆ ಬಿಟ್ಟಿತು. ಆ ಅಧಿಕಾರಿಗಳು ಎರಡು ದಿನ ಮುಂಚೆ ಅರಬ್ ಎಮಿರೇಟ್ಸ್‌ನಲ್ಲಿ ಬೇರೊಂದು ಪಂದ್ಯ ಮುಗಿಸಿ ಬಂದಿದ್ದರು ಎಂಬುದೂ ತಿಳಿಯಿತು. ಹಾಗೆ ದಣಿದು ಬಂದವರಿಗೆ ಡ್ಯೂಟಿ ಹಾಕಿದ್ದು ಸರಿಯೇ ಎಂಬ ಪ್ರಶ್ನೆಯೂ ಎದ್ದಿತು. ಇಂಥ ಘಟನೆಗಳನ್ನು ತೂಗಿನೋಡಲು ಇಂಗ್ಲೆಂಡಿನಲ್ಲಿ ಐವರ ಸಮಿತಿಯೊಂದಿದೆ. ಮೂವರು ಹಿಂದಿನ ಆಟಗಾರರು ಅಥವಾ ಕೋಚ್‌ಗಳು, ಒಬ್ಬರು ಲೀಗ್ ಕಡೆಯವರು, ಒಬ್ಬರು ರೆಫ್ರಿ ಸಂಸ್ಥೆಯವರು. ರೆಫ್ರಿಗಳ ತಪ್ಪನ್ನು ರೆಫ್ರಿಗಳೇ ಕೂತು ತೀರ್ಮಾನಿಸುವುದಿಲ್ಲ ಎಂಬುದು ನನಗೆ ಬಹಳ ಹಿಡಿಸಿದ ಏರ್ಪಾಡು.

ದುಡ್ಡಿನ ಮಾತನ್ನೂ ಬಿಡುವಂತಿಲ್ಲ. ಅಮೆರಿಕದಲ್ಲಿ ರೆಫ್ರಿಗಳನ್ನು ನೋಡಿಕೊಳ್ಳಲು 2012ರಲ್ಲಿ ಪ್ರೋ ಎಂಬ ಸಂಸ್ಥೆ ಮಾಡಿದರು. ಅಲ್ಲಿಯ ರೆಫ್ರಿಗಳಿಗೆ ತಮ್ಮದೇ ಯೂನಿಯನ್ ಇದೆ. ಸಂಬಳ-ಸವಲತ್ತಿನ ಒಪ್ಪಂದ ಕುದುರದೆ 2014ರಲ್ಲಿ, ಮತ್ತೆ 2024ರಲ್ಲಿ ಅವರನ್ನು ಹೊರಗಿಟ್ಟು ಬದಲಿ ರೆಫ್ರಿಗಳಿಂದ ಲೀಗ್ ಶುರುಮಾಡಬೇಕಾಯಿತು. ನಮ್ಮಲ್ಲಿ ಬಹುಪಾಲು ರೆಫ್ರಿಗಳು ಬೇರೆ ನೌಕರಿ ಮಾಡುತ್ತಲೇ ಪಂದ್ಯಕ್ಕಿಷ್ಟು ಎಂಬ ಫೀಸಿಗೆ ಓಡಾಡುವವರು. ರಾಷ್ಟ್ರಮಟ್ಟದ ಪಂದ್ಯಗಳಿಗೆ ಡ್ಯೂಟಿ ಹಾಕುವುದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್, ರಾಜ್ಯದ ಪಂದ್ಯಗಳಿಗೆ ರಾಜ್ಯ ಸಂಸ್ಥೆ. ಹೀಗೆ ಬೆಳೆದೇ ಚೆನ್ನೈ ಕಡೆಯ ಕೋಮಳೀಶ್ವರನ್ ಶಂಕರ್ 2002ರ ವಿಶ್ವಕಪ್‌ನಲ್ಲಿ ಬಾವುಟ ಹಿಡಿದು ಗೆರೆಯ ಮೇಲೆ ಓಡಿದರು. ನಮ್ಮ ದೇಶದ ತಂಡ ಇನ್ನೂ ಆಡದ ವಿಶ್ವಕಪ್ ಅದು.

ಟೂರ್ನಮೆಂಟನ್ನೇ ಬಿಡುತ್ತೇವೆ ಎಂದಿರಲ್ಲ, ಅದಕ್ಕೊಂದು ಮಾತು. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವದಲ್ಲಿ ಏನಾಯಿತೆಂದು ನಿಮಗೆ ನೆನಪಿರುತ್ತದೆ. ಹೆಚ್ಚುವರಿ ಸಮಯದಲ್ಲಿ ಕೇರಳ ಬ್ಲಾಸ್ಟರ್ಸ್‌ನವರು ಚೆಂಡಿಗೆ ಅಡ್ಡವಾಗಿ ಗೋಡೆಯಂತೆ ಸಾಲುಗಟ್ಟಿ ನಿಲ್ಲುವ ಮುಂಚೆಯೇ ಬೆಂಗಳೂರು ಎಫ್‌ಸಿಯ ಸುನಿಲ್ ಛೇತ್ರಿ ಫ್ರೀ ಕಿಕ್ ಹೊಡೆದರು, ರೆಫ್ರಿ ಗೋಲು ಕೊಟ್ಟರು, ಬ್ಲಾಸ್ಟರ್ಸ್ ಮೈದಾನ ಬಿಟ್ಟು ಹೊರಟಿತು. ನಿಯಮದಲ್ಲಿ ಬೇಗ ಹೊಡೆಯಲು ಅವಕಾಶವಿದೆ. ರೆಫ್ರಿ ‘ನನ್ನ ಸೀಟಿಗೆ ಕಾಯಿ’ ಎಂದಿದ್ದರೆ ಮಾತ್ರ ಕಾಯಬೇಕು. ಹಾಗೆ ಅಂದಿದ್ದರೇ ಇಲ್ಲವೇ ಎಂಬುದರ ಮೇಲೆ ಜಗಳ ಬಹಳ ನಡೆಯಿತು. ಆದರೆ ಎದ್ದು ಹೋದದ್ದಕ್ಕೆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ, ಕೋಚ್‌ಗೆ 10 ಪಂದ್ಯಗಳ ನಿಷೇಧ ಬಂತು. ಆಮೇಲೆ ಚರ್ಚೆಯೆಲ್ಲ ಅವರು ಎದ್ದು ಹೋದದ್ದರ ಬಗ್ಗೆಯೇ ನಡೆಯಿತು, ಅವರ ತಕರಾರು ಹಿಂದೆ ಉಳಿಯಿತು. ನಿಮಗೂ ಹಾಗಾಗಬಾರದು.

ಆದ್ದರಿಂದ ಟೂರ್ನಮೆಂಟ್ ಬಿಡಬೇಡಿ, ಕಮಿಟಿ ಸಭೆಗೆ ಹೋಗಿ. ಗಣಿ ನಡೆಯುವಾಗಿನಿಂದ ಫುಟ್‌ಬಾಲ್ ಬೆಳೆಸಿಕೊಂಡು ಬಂದ ನೆಲ ಕೆಜಿಎಫ್. 2001ರಲ್ಲಿ ಗಣಿ ಮುಚ್ಚಿ ಕಾಲೊನಿಗಳು ಬಡವಾದ ಮೇಲೂ ಸಂಜೆ ಚೆಂಡಿನ ಸದ್ದು ನಿಲ್ಲದ ಊರದು. ಅಲ್ಲಿ ಆಟ ತಿಳಿದ ಹಿರಿಯರಿಗೆ ಬರವಿಲ್ಲ. ನೀವು ಕೇಳಬೇಕಾದದ್ದು ಇಷ್ಟೇ: ರೆಫ್ರಿಗಳನ್ನು ಗೊತ್ತುಮಾಡುವವರಿಗೆ ಯಾವ ಟೀಮಿನ ಜೊತೆಯೂ ನಂಟಿರಬಾರದು, ಬಹುಮಾನದ ದುಡ್ಡು ಕೊಟ್ಟವರಂತೂ ಆ ಪಟ್ಟಿಗೆ ಕೈಹಾಕಲೇಬಾರದು. ಪರೀಕ್ಷೆ ಪಾಸಾದ ರೆಫ್ರಿಗಳನ್ನು ಮುಳಬಾಗಿಲಿನಿಂದಲೋ ಮಾಲೂರಿನಿಂದಲೋ ಬೆಂಗಳೂರಿನಿಂದಲೋ ಕರೆಸಲಿ. ಸೆಮಿಫೈನಲ್ ಮೇಲ್ಪಟ್ಟ ಪಂದ್ಯಗಳಿಗೆ ಆ ಅನುಭವಸ್ಥರಲ್ಲೇ ಎರಡೂ ಕ್ಯಾಪ್ಟನ್‌ಗಳ ಎದುರು ಚೀಟಿ ಎತ್ತಲಿ. ಹೊಸಬರ ಕೈಗೆ ಫೈನಲ್ ಬೀಳುವ ಭಯ ಆಗ ಇರುವುದಿಲ್ಲ. ಅವರ ಫೀಸನ್ನು ಎಲ್ಲ ಟೀಮುಗಳ ಎಂಟ್ರಿ ಫೀಸಿನಿಂದಲೇ ಮೊದಲು ತೆಗೆದಿಡಲಿ. ಗೆದ್ದವರ ಜೇಬಿನಿಂದ ರೆಫ್ರಿಗೆ ಕಾಸು ಹೋಗುವ ಪದ್ಧತಿ ಕೆಲವು ಕಡೆ ಇದೆ, ಅದು ನಿಲ್ಲಬೇಕು. ಮ್ಯಾಚ್ ಮುಗಿದ ಮೇಲೆ ತಕರಾರನ್ನು ಬರೆದುಕೊಡಲು ಒಂದು ಅವಕಾಶವಿರಲಿ. ಫಲಿತಾಂಶ ಬದಲಾಗದಿದ್ದರೂ, ಆ ರೆಫ್ರಿಯನ್ನು ಮುಂದಿನ ವರ್ಷ ಕರೆಯಬೇಕೇ ಬೇಡವೇ ಎಂಬುದಕ್ಕೆ ಅದು ದಾಖಲೆಯಾಗುತ್ತದೆ.

ನೀವೇ ರೆಫ್ರಿ ಆಗುವ ಮಾತಿಗೆ ನನಗಂತೂ ಬಹಳ ಸಂತೋಷವಾಯಿತು. ಬೆಂಗಳೂರಿನ ಅಶೋಕನಗರದಲ್ಲಿರುವ ಫುಟ್‌ಬಾಲ್ ಕ್ರೀಡಾಂಗಣದಲ್ಲೇ ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಯ ಕಚೇರಿ ಇದೆ. ನೀವು ದಿನಾ ಬೆಂಗಳೂರಿಗೆ ಹೋಗುವವರೇ, ಒಂದು ಸಂಜೆ ಹೋಗಿ ರೆಫ್ರಿ ಕೋರ್ಸು, ಪರೀಕ್ಷೆ ಯಾವಾಗ ಎಂದು ವಿಚಾರಿಸಿ. ಮೊದಲು ಆಟದ 17 ನಿಯಮಗಳನ್ನು ಓದಿಕೊಳ್ಳಿ. ಆಡುವವರಲ್ಲೇ ಬಹಳ ಜನ ಅದನ್ನು ಓದಿರುವುದಿಲ್ಲ. ಓಟದ ಅಭ್ಯಾಸವನ್ನು ಈಗಿನಿಂದಲೇ ಶುರುಮಾಡಿ. ಫಿಫಾ ಮಟ್ಟದ ಪುರುಷ ರೆಫ್ರಿಗಳು 40 ಮೀಟರನ್ನು 6 ಸೆಕೆಂಡಿನೊಳಗೆ ಆರು ಸಲ ಓಡಬೇಕು. ಆಮೇಲೆ 75 ಮೀಟರ್ 15 ಸೆಕೆಂಡಿನಲ್ಲಿ ಓಟ, 25 ಮೀಟರ್ 18 ಸೆಕೆಂಡಿನಲ್ಲಿ ನಡಿಗೆ, ಹೀಗೆ ನಲವತ್ತು ಸಲ. 400 ಮೀಟರ್ ಟ್ರ್ಯಾಕಿನಲ್ಲಿ ಹತ್ತು ಸುತ್ತಾಗುತ್ತದೆ. ಕೆಳಹಂತದ ಪರೀಕ್ಷೆಗೆ ಇಷ್ಟು ಕಠಿಣ ಬೇಕಿಲ್ಲ. ಫಿಫಾ ಪಟ್ಟಿ ಸೇರಲು ರೆಫ್ರಿಗೆ ಕನಿಷ್ಠ 25 ವರ್ಷ, ಲೈನ್ಸ್‌ಮನ್‌ಗೆ 23 ವರ್ಷ ಆಗಿರಬೇಕು. ನಿಮ್ಮ ಟೀಮಿನ ಹುಡುಗರ ಅಕ್ಕತಂಗಿಯರಲ್ಲಿ ಆಸಕ್ತಿ ಇರುವವರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. 2022ರ ವಿಶ್ವಕಪ್‌ನಲ್ಲಿ ಕೋಸ್ಟರಿಕಾ–ಜರ್ಮನಿ ಗಂಡಸರ ಪಂದ್ಯಕ್ಕೆ ಸೀಟಿ ಹಿಡಿದವರು ಫ್ರಾನ್ಸಿನ ಸ್ಟೆಫಾನಿ ಫ್ರಾಪಾರ್, ಎರಡೂ ಗೆರೆಗಳ ಮೇಲೆ ಬಾವುಟ ಹಿಡಿದವರೂ ಹೆಣ್ಣುಮಕ್ಕಳೇ.

ಪರೀಕ್ಷೆ ಪಾಸಾದ ಮೇಲೆ ನಿಮಗೆ ಬರುವ ಮೊದಲ ಡ್ಯೂಟಿ ಬಂಗಾರಪೇಟೆ ಟೀಮಿನ ಮ್ಯಾಚಾಗಿದ್ದರೆ, ಕಾರಣ ಬರೆದು ಬೇರೆ ಮ್ಯಾಚು ಕೇಳಿ.